ನೂರಹದಿಮೂರನೇ ಮಷೀನು

ರಾಧಾಮಣಿಯ ಎಡಮಂಡಿ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲೇ ಮುನಿಸಿಕೊಂಡಿತ್ತು. ಚಿಕ್ಕಬಳ್ಳಾಪುರ ಬರುವಷ್ಟರಲ್ಲಿ ಬಲಮಂಡಿಯೂ ಅದರ ಪಕ್ಷ ಸೇರಿತು. ಪೆರೇಸಂದ್ರದಲ್ಲಿ ಬಸ್ಸಿಳಿದಾಗ, ಇನ್ನು ಈ ಕಾಲುಗಳನ್ನು ನಂಬಿ ಪ್ರಯೋಜನವಿಲ್ಲ ಅಂತ ಹೆದ್ದಾರಿ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕುಕ್ಕರಿಸಿದಳು. ನಲವತ್ತಾರು ವರ್ಷದ ಹೆಂಗಸು. ಹೆಗಲಿಗೊಂದು ಬ್ಯಾಗು, ಅದರಲ್ಲಿ ಎಂದೋ ನಿವೃತ್ತಿಯಾಗಬೇಕಿದ್ದ ಒಂದು ಲ್ಯಾಪ್‌ಟಾಪು, ಪೆನ್‌ಡ್ರೈವು, ಮಂಡಿಗೆ ಹಚ್ಚುವ ಮುಲಾಮು. ನಾಲ್ಕು ತಾಲ್ಲೂಕು, ನೂರಹನ್ನೆರಡು ಹಾಲಿನ ಡೈರಿ, ಎರಡು ಸುತ್ತು. ಇವತ್ತು ಕೊನೆಯ ದಿನ, ಇನ್ನು ಉಳಿದಿದ್ದು ಒಂದೇ ಡೈರಿ. ದೇವರು ದೊಡ್ಡವನು ಅನ್ನಬೇಕೆನಿಸಿತು. ಆದರೆ ಅವನು ಅಷ್ಟೇನಾದರೂ ದೊಡ್ಡವನಾಗಿದ್ದರೆ ಆ ಡೈರಿಯನ್ನು ಹೆದ್ದಾರಿಯ ಪಕ್ಕದಲ್ಲೇ ಇಡುತ್ತಿದ್ದ, ಮೂರು ಕಿಲೋಮೀಟರ್ ಒಳಗೆ ಇಡುತ್ತಿರಲಿಲ್ಲ.

ಅವಳ ಕೆಲಸವನ್ನು ಇನ್ನೊಬ್ಬರಿಗೆ ವಿವರಿಸುವುದು ಆ ಕೆಲಸಕ್ಕಿಂತ ದೊಡ್ಡ ಕೆಲಸ. ಡೈರಿಗಳಲ್ಲಿರುವ ಕಂಪ್ಯೂಟರುಗಳೆಲ್ಲ ಮುದಿಯಾಗಿವೆ. ಬೆಳಿಗ್ಗೆ ಗುಂಡಿ ಒತ್ತಿದರೆ ಸ್ಕ್ರೀನು ಬೆಳಗುವಷ್ಟರಲ್ಲಿ ಸಾಲಿನಲ್ಲಿ ನಿಂತವರು ಊರ ಸುದ್ದಿಯನ್ನೆಲ್ಲ ಆಡಿ ಮುಗಿಸಿ, ಎರಡನೇ ಸಲ ಶುರುಮಾಡಿರುತ್ತಾರೆ. ಹೊಸ ಕಂಪ್ಯೂಟರ್ ಕೊಳ್ಳುವುದು ಬೇಡ, ಹಳೆಯದರ ಕರ್ನಲನ್ನೇ ಹಗುರ ಮಾಡಿಕೊಡುತ್ತೇವೆ ಅಂತ ಒಂದು ಸಣ್ಣ ಕಂಪನಿ ಹಾಲು ಒಕ್ಕೂಟದಿಂದ ಗುತ್ತಿಗೆ ಹಿಡಿದಿತ್ತು. ಕರ್ನಲ್ ಅಂದರೆ ಕಂಪ್ಯೂಟರಿನೊಳಗೆ ಕೂತು ಮನೆ ನಡೆಸುವ ಯಜಮಾನಿ ಅನ್ನಿ. ತಕ್ಕಡಿ, ಪ್ರಿಂಟರು, ಹಾಲು ಪರೀಕ್ಷೆಯ ಯಂತ್ರ, ಹೀಗೆ ಒಂದೊಂದು ಸಾಮಾನಿನ ಜೊತೆ ಮಾತಾಡಲಿಕ್ಕೂ ಅವಳಿಗೆ ಒಬ್ಬೊಬ್ಬ ದುಭಾಷಿ ಬೇಕು. ಆ ದುಭಾಷಿಗೆ ಡ್ರೈವರ್ ಅಂತ ಹೆಸರು. ಲೋಕದಲ್ಲಿರುವ ಸಾಮಾನಿಗೆಲ್ಲ ಇರಲಿ ಅಂತ ಸಾವಿರಾರು ದುಭಾಷಿಗಳನ್ನು ಮನೆ ತುಂಬ ಕೂರಿಸಿಕೊಂಡು ಸಾಕುತ್ತಾ ಯಜಮಾನಿ ಸುಸ್ತಾಗಿದ್ದಾಳೆ. ಆದ್ದರಿಂದ ಯಾರ್ಯಾರು ನಿಜವಾಗಿ ಕೆಲಸಕ್ಕೆ ಬರುತ್ತಾರೆ ಅಂತ ನಲವತ್ತು ದಿನ ನೋಡುವುದು, ಎಲ್ಲೂ ಒಂದೇ ಒಂದು ಸಲವೂ ಕರೆ ಬರದವರನ್ನು ಮನೆಯಿಂದ ಆಚೆ ಕಳಿಸುವುದು. ನೋಡಿ ಬರೆದಿಡಲಿಕ್ಕೆ ಒಂದು ಪುಟ್ಟ ಪ್ರೋಗ್ರಾಮು. ಮೊದಲ ಸುತ್ತಿನಲ್ಲಿ ಅದನ್ನು ಕಂಪ್ಯೂಟರಿಗೆ ಹಾಕಿ ಬರಬೇಕು, ಎರಡನೇ ಸುತ್ತಿನಲ್ಲಿ ಅದು ಬರೆದ ಪಟ್ಟಿಯನ್ನು ತರಬೇಕು. ಹಾಕುವವಳೂ ರಾಧಾಮಣಿಯೇ, ತರುವವಳೂ ರಾಧಾಮಣಿಯೇ.

ಮೊದಮೊದಲು ಅವಳು ಇದನ್ನೆಲ್ಲ ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದಳು. ಶಿಡ್ಲಘಟ್ಟದ ಕಡೆ ಹತ್ತು ಡೈರಿ ಮುಗಿಸುವಷ್ಟರಲ್ಲಿ ಗಂಟಲು ಕಟ್ಟಿತು. ಹನ್ನೊಂದನೆಯದರಲ್ಲಿ ಒಬ್ಬರು "ಏನಮ್ಮಾ ಇದು?" ಅಂದಾಗ ಅವಳ ಬಾಯಿಂದ "ಸರ್ವೆ" ಅಂತ ಬಂತು. "ಯಾವ್ಯಾವ ಸಾಮಾನು ಬಳಸ್ತೀರ ಅಂತ ಸರ್ವೆ." ಅಷ್ಟಕ್ಕೇ ಅವರು ಎಲ್ಲ ತಿಳಿದವರ ಹಾಗೆ ತಲೆಯಾಡಿಸಿದರು. ಅಯ್ಯೋ, ಇಷ್ಟು ಸುಲಭದ ಮಾತು ಮೊದಲೇ ಯಾಕೆ ಹೊಳೆಯಲಿಲ್ಲ ಅಂತ ಅವಳು ತನ್ನನ್ನೇ ಬೈದುಕೊಂಡು, ಉಳಿದ ನೂರಾ ಒಂದು ಡೈರಿಗಳನ್ನು ಆ ಒಂದೇ ಮಾತಿನಲ್ಲಿ ದಾಟಿಸಿದ್ದಳು. ಯಾರಾದರೂ ಅನುಮಾನಪಟ್ಟರೆ ತನ್ನ ಲ್ಯಾಪ್‌ಟಾಪನ್ನೇ ತೆರೆದು ತೋರಿಸುತ್ತಿದ್ದಳು. "ನೋಡಿ, ನನ್ನದಕ್ಕೂ ಹಾಕ್ಕೊಂಡಿದ್ದೀನಿ. ಏನೂ ಕಚ್ಚಲ್ಲ." ಹಾಗಾಗಿ ಆಫೀಸಿನ ಪಟ್ಟಿಯಲ್ಲಿ ಅವಳ ಲ್ಯಾಪ್‌ಟಾಪಿಗೂ ಒಂದು ನಂಬರು ಬಿದ್ದಿತ್ತು, ನೂರಹದಿಮೂರು.

ಟೀ ಬರುವ ಮೊದಲೇ ಫೋನು ಬಂತು. ಮಧುಕುಮಾರ್. ಚಿಕ್ಕಬಳ್ಳಾಪುರದ ಆಫೀಸಿನಲ್ಲಿ ಕೂತು ಎಲ್ಲ ಪಟ್ಟಿಗಳನ್ನೂ ಒಂದು ಮಾಡುವ ಎಂಜಿನಿಯರು. ವಯಸ್ಸಿನಲ್ಲಿ ಚಿಕ್ಕವನು, ಕೆಲಸದಲ್ಲಿ ಇವಳ ಮೇಲಿನವನು.

"ಅಕ್ಕ, ಎಲ್ಲಿದ್ದೀರ?"

"ಪೆರೇಸಂದ್ರ ಕಣಪ್ಪ. ಒಂದು ಟೀ ಕುಡೀತೀನಿ, ಬೈಬೇಡ."

"ಅಯ್ಯೋ, ಎರಡು ಕುಡೀರಿ. ಆದ್ರೆ ಏಳಕ್ಕೆ ಲಿಸ್ಟ್ ಕ್ಲೋಸ್ ಮಾಡ್ತಿದ್ದೀನಿ. ನಾಳೆಯಿಂದ ಹೊಸ ಕರ್ನಲ್ ಕಟ್ಟೋಕೆ ಶುರು. ಆಮೇಲೆ ನೀವು ಕಾಲು ಹಿಡ್ಕೊಂಡ್ರೂ ಒಂದು ಲೈನ್ ಸೇರಿಸಲ್ಲ."

"ನನ್ನ ಕಾಲು ಹಿಡ್ಕೊಳೋಕೇ ನನಗೆ ಪುರುಸೊತ್ತಿಲ್ಲ, ನಿನ್ನ ಕಾಲ್ಯಾಕೆ ಹಿಡೀಲಿ?"

ಅವನು ನಕ್ಕ. "ಇನ್ನೊಂದು ವಿಷ್ಯ ಅಕ್ಕ. ನಿಮ್ಮ ಕಾಂಟ್ರಾಕ್ಟ್ ರಿನ್ಯೂವಲ್ ಕಳಿಸ್ತಿದ್ದೀನಿ. ಮುಂದಿನ ವರ್ಷ ಫೀಲ್ಡ್ ಬೇಡ, ಆಫೀಸಲ್ಲೇ ಕೂತು ಲಿಸ್ಟ್ ಚೆಕ್ ಮಾಡೋ ಕೆಲಸ ಅಂತ ಬರ್ದಿದ್ದೀನಿ. ಫ್ಯಾನ್ ಕೆಳಗೆ ಕುರ್ಚಿ. ಖುಷೀನಾ?"

ಖುಷೀನಾ ಅಂತೆ! ಹದಿನಾರು ವರ್ಷದಿಂದ ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ಟೆಂಪೋ, ಯಾರದೋ ಸ್ಕೂಟರಿನ ಹಿಂದಿನ ಸೀಟು ಅಂತ ಬದುಕಿದವಳಿಗೆ ಕುರ್ಚಿ ಅಂದರೆ ಸಿಂಹಾಸನ. ರಾಧಾಮಣಿ ಖುಷಿಯನ್ನು ಮರೆಸಲಿಕ್ಕೆ ಟೀಯವನಿಗೆ "ಸಕ್ಕರೆ ಜಾಸ್ತಿ ಹಾಕಪ್ಪ" ಅಂತ ಸುಮ್ಮನೆ ಕೂಗಿದಳು.

ಒಂದು ಟಿವಿಎಸ್ಸಿನ ಹಿಂದೆ, ಹಾಲಿನ ಕ್ಯಾನಿಗೂ ಸವಾರನ ಬೆನ್ನಿಗೂ ನಡುವೆ ಸಿಕ್ಕಿಕೊಂಡು ಅವಳು ಆ ಊರು ತಲುಪಿದಾಗ ಐದೂವರೆ. ಸಂಜೆಯ ಹಾಲು ಶುರುವಾಗಿತ್ತು. ಡೈರಿಯ ಕಾರ್ಯದರ್ಶಿ ರಾಮಾಂಜಿನಪ್ಪ ಬಾಗಿಲಲ್ಲೇ ಕಾದಿದ್ದರು. ಅರವತ್ತರ ಹತ್ತಿರದ ಮನುಷ್ಯ, ಒಗೆದ ಬಿಳಿ ಶರ್ಟು, ಹಣೆಗೆ ವಿಭೂತಿ. ಕಂಪ್ಯೂಟರಿನ ತಲೆಯ ಮೇಲೆ ಒಂದು ಸೇವಂತಿಗೆ ಹೂವಿತ್ತು. ಮೇಜು ಗಂಡಿನ ಕಡೆಯವರು ಹೆಣ್ಣು ನೋಡಲು ಬರುವ ಮನೆಯ ಹಾಗೆ ಚೊಕ್ಕಟವಾಗಿತ್ತು.

"ಬನ್ನಿ ಮೇಡಮ್ಮ, ಎಲ್ಲ ರೆಡಿ ಇದೆ ನೋಡ್ಕೊಳಿ. ನಮ್ಮ ಹತ್ರ ಹೆಚ್ಚಿಂದು ಅಂತ ಒಂದು ಸಾಮಾನೂ ಇಲ್ಲ. ಬಡ ಡೈರಿ ನಮ್ದು."

ಬಡ ಡೈರಿ ಅನ್ನುವುದನ್ನು ಅವರು ಯಾಕೆ ಅಷ್ಟು ಒತ್ತಿ ಹೇಳಿದರೆಂದು ಅವಳು ಯೋಚಿಸಲಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿ ಪಟ್ಟಿ ತೆಗೆದಳು. ತಕ್ಕಡಿ, ಹಾಲಿನ ಯಂತ್ರ, ಪ್ರಿಂಟರು, ಕೀಬೋರ್ಡು, ಮೌಸು. ಮುಗಿಯಿತು. ಪ್ರೋಗ್ರಾಮನ್ನು ಕಂಪ್ಯೂಟರಿನಿಂದ ಅಳಿಸಿ, ಪಟ್ಟಿಯನ್ನು ಫೋನಿನ ಇಂಟರ್‌ನೆಟ್ಟಿನಲ್ಲಿ ಆಫೀಸಿಗೆ ಕಳಿಸಿ, ಗೋಡೆಗೆ ಒರಗಿ ಕೂತಳು. ನೂರಹನ್ನೆರಡಕ್ಕೆ ನೂರಹನ್ನೆರಡು. ಎದ್ದು ಹೋಗಬಹುದಿತ್ತು. ಆದರೆ ವಾಪಸು ಕರೆದೊಯ್ಯುವ ಟಿವಿಎಸ್ಸಿನವನು ಸಾಲಿನಲ್ಲಿ ಇನ್ನೂ ಹದಿನೈದನೆಯವನಾಗಿದ್ದ. ಮಂಡಿ ಚಾಚಿಕೊಂಡು ಸಾಲನ್ನು ನೋಡುತ್ತಾ ಕುಳಿತಳು.

ಹಾಲಿನ ಯಂತ್ರದ ಮುಂದೆ ಕೊಂಡಮ್ಮ ಕೂತಿದ್ದಳು. ಊರಿನ ಟೆಸ್ಟರು, ಹದಿನಾಲ್ಕು ವರ್ಷದಿಂದ ಅದೇ ಸ್ಟೂಲಿನ ಮೇಲೆ. ಒಬ್ಬೊಬ್ಬರ ಹಾಲನ್ನೂ ಪುಟ್ಟ ಬಟ್ಟಲಿನಲ್ಲಿ ಯಂತ್ರದ ಮೂತಿಗೆ ಹಿಡಿಯುವುದು, ಫ್ಯಾಟಿನ ಅಂಕಿ ಬಂದಾಗ ನೋಡಿ ಕೂಗುವುದು, ನೀರು ಬೆರೆಸಿದ ಹಾಲಾದರೆ ವಾಪಸು ಕಳಿಸುವುದು, ಸರಿಯಿದ್ದರೆ ಕೀಲಿ ಒತ್ತುವುದು, ಇದಿಷ್ಟು ಅವಳ ಕೆಲಸ. ಆದರೆ ಅಂಕಿ ಬಂದಾಗ ಕೊಂಡಮ್ಮ ಕೂಗುತ್ತಿರಲಿಲ್ಲ.

"ನೀನೇ ನೋಡಪ್ಪ. ಎಷ್ಟಿದೆ ಹೇಳು. ಆಮೇಲೆ ಕೊಂಡಮ್ಮ ಕಮ್ಮಿ ಹೇಳಿದ್ಳು ಅನ್ಬೇಡ."

"ನಾಲ್ಕು ಪಾಯಿಂಟ್ ಒಂದು" ಅಂದ ಹಾಲಿನವನು. ಕೊಂಡಮ್ಮ ಕೀಲಿ ಒತ್ತಿದಳು.

ಮುಂದಿನವಳಿಗೂ ಅದೇ. "ನಿನ್ನ ಕಣ್ಣಲ್ಲೇ ನೋಡ್ಕೋ ತಾಯಿ. ನನಗ್ಯಾಕೆ ಕೆಟ್ಟ ಹೆಸರು?"

ಎಂಥ ನ್ಯಾಯಸ್ಥೆ ಅಂತ ರಾಧಾಮಣಿಗೆ ಮೊದಲು ಮೆಚ್ಚುಗೆಯೇ ಆಯಿತು. ನಾಲ್ಕನೆಯವರು ಓಬಳಮ್ಮ. ಊರಿನ ಹಿರಿಯ ಹೆಂಗಸು, ಒಂದೇ ಹಸುವಿನ ಒಡತಿ, ಅಕ್ಷರ ಅಂಕಿ ಎರಡಕ್ಕೂ ದೂರ. ಯಂತ್ರದಲ್ಲಿ ಕೆಂಪು ಅಂಕಿ ಬಂದು ನಿಂತಿತು. ಕೊಂಡಮ್ಮ ಸುಮ್ಮನಿದ್ದಳು. ಓಬಳಮ್ಮನೂ ಸುಮ್ಮನಿದ್ದಳು. ಸಾಲು ಪೂರ್ತಿ ಸುಮ್ಮನಾಯಿತು. ಆಗ ಹಿಂದಿನಿಂದ ಯಾರೋ ಕತ್ತು ಚಾಚಿ "ಮೂರು ಪಾಯಿಂಟ್ ಒಂಬತ್ತು" ಅಂದರು. ಕೊಂಡಮ್ಮ ಉಸಿರು ಬಿಟ್ಟು ಕೀಲಿ ಒತ್ತಿದಳು. ಅವಳ ಕಣ್ಣು ಯಂತ್ರದ ಕಡೆ ಇರಲೇ ಇಲ್ಲ, ಅದರ ಪಕ್ಕದ ಗೋಡೆಯ ಮೇಲಿತ್ತು.

ರಾಧಾಮಣಿ ಒರಗಿದ್ದ ಗೋಡೆಯಿಂದ ಮುಂದಕ್ಕೆ ಬಾಗಿದಳು. ಅಯ್ಯೋ ಶಿವನೇ, ಇವಳಿಗೆ ಕಣ್ಣು ಕಾಣುವುದಿಲ್ಲ.

ಗೊತ್ತಾದದ್ದು ಗೊತ್ತಾಗದ ಹಾಗೆ ಎದ್ದು ಹೋಗಿಬಿಡುವುದೇ ಜಾಣತನ. ಅವಳ ಮಂಡಿಗಳೂ ಅದನ್ನೇ ಹೇಳಿದವು. ಆದರೆ ಬಾಯಿ ಎಲ್ಲಿ ಕೇಳುತ್ತದೆ? ರಾಮಾಂಜಿನಪ್ಪನವರ ಪಕ್ಕಕ್ಕೆ ಸರಿದು ಕೇಳಿಯೇಬಿಟ್ಟಳು.

"ರಾಮಾಂಜಿನಪ್ಪನೋರೆ, ಇವ್ರು ಯಾವಾಗಿನಿಂದ ಹೀಗೆ ಜನರ ಕೈಲೇ ಓದಿಸ್ತಿದ್ದಾರೆ?"

"ಹೇಗೆ? ನನಗೇನೂ ಗೊತ್ತಿಲ್ವಲ್ಲ" ಅಂತ ಅವರು ರಸೀದಿಗಳನ್ನು ಸುಮ್ಮನೆ ಜೋಡಿಸತೊಡಗಿದರು. ಗೊತ್ತಿಲ್ಲದವರು ಅಷ್ಟು ಬೇಗ ಹೇಳುವುದಿಲ್ಲ.

ಓಬಳಮ್ಮ ಖಾಲಿ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. ಅವಳಿಗೆ ಗುಟ್ಟು ಅನ್ನುವುದು ಬಾಯಲ್ಲಿ ನಿಲ್ಲುವ ಪದಾರ್ಥವಲ್ಲ. "ಏಮಮ್ಮಾ, ನೀವು ಸರ್ವೆಗೆ ಬಂದ ಮೇಲೇನೇ ಕದಾ ಹಿಂಗಾಗಿದ್ದು? ಮೊದ್ಲು ಮಾತಾಡೋ ಡಬ್ಬಿ ಇತ್ತು. ಅದೇ ಹೇಳ್ತಿತ್ತು, ನಾಲ್ಕು ಅಂತಾನೋ ಮೂರು ಅಂತಾನೋ. ಈಗ ಅದು ನಮ್ಮನೆ ರಾಗಿ ಡ್ರಮ್ಮಲ್ಲಿ ಮಲಗಿದೆ."

"ಓಬಳಮ್ಮಾ!" ಅಂತ ರಾಮಾಂಜಿನಪ್ಪ ಕಣ್ಣುಬಿಟ್ಟರು. ತಡವಾಗಿತ್ತು.

ಒಂದೊಂದಾಗಿ ಎಲ್ಲ ಹೊರಬಂತು. ಸಕ್ಕರೆ ಕಾಯಿಲೆ ಕೊಂಡಮ್ಮನ ಕಣ್ಣನ್ನು ತಿನ್ನುತ್ತಾ ಬಂದು ಮೂರು ವರ್ಷ. ಜನ ಕಾಣುತ್ತಾರೆ, ದಾರಿ ಕಾಣುತ್ತದೆ, ಯಂತ್ರದ ಕೆಂಪು ಅಂಕಿ ಮಾತ್ರ ಕಲೆಸಿಹೋಗುತ್ತದೆ. ಸೊಸೆ ಚೈತ್ರ ಕಂಪ್ಯೂಟರ್ ಕಲಿತವಳು, ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪ್ರೋಗ್ರಾಮು ಹಾಕಿಕೊಟ್ಟಳು. ಸಿಡಿಲು ಬಡಿದು ಕಂಪ್ಯೂಟರಿನ ಸೌಂಡು ಸುಟ್ಟುಹೋಗಿದ್ದರಿಂದ, ಯುಎಸ್‌ಬಿಗೆ ಸಿಕ್ಕಿಸುವ ಒಂದು ಪುಟ್ಟ ಸ್ಪೀಕರನ್ನೂ ಚಿಂತಾಮಣಿಯಿಂದ ತಂದುಕೊಟ್ಟಳು. ಊರಿನವರಿಗೆ ಇಷ್ಟವೇ ಆಯಿತು, ಎಲ್ಲರ ಅಂಕಿಯೂ ಎಲ್ಲರಿಗೂ ಕೇಳಿಸುತ್ತದಲ್ಲ. ಕಣ್ಣಿನ ವಿಷಯವೂ ಊರಿಗೆಲ್ಲ ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ, ಅಷ್ಟೆ.

"ಹಾಗಾದ್ರೆ ಬಚ್ಚಿಟ್ಟಿದ್ಯಾಕೆ?" ಅಂದಳು ರಾಧಾಮಣಿ.

ರಾಮಾಂಜಿನಪ್ಪ ಅವಳನ್ನು ಮಗುವನ್ನು ನೋಡುವಂತೆ ನೋಡಿದರು. "ಸರ್ವೆ ಅಂದ್ರಲ್ಲ ಮೇಡಂ ನೀವು. ರೇಷನ್ ಕಾರ್ಡ್ ಸರ್ವೆಗೆ ಬಂದಾಗ ನಾವೇನ್ ಮಾಡ್ತೀವಿ? ಟಿವೀನ ತಂಗಿ ಮನೆಗೆ, ಗಾಡೀನ ತೋಟಕ್ಕೆ. ಇದೆ ಅಂತ ತೋರಿಸ್ದೋರ ಕಾರ್ಡೇ ಮೊದ್ಲು ಹೋಗೋದು. ಸರ್ವೆ ಅಂದ್ಮೇಲೆ ಹೆಚ್ಚಿಂದೆಲ್ಲ ಒಳಗೆ ಹೋಗ್ಬೇಕು. ನಾನೇ ಹೇಳ್ದೆ, ತಗೊಂಡೋಗಿ ಎಲ್ಲಾದ್ರೂ ಇಡಮ್ಮಾ ಅಂತ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಗಂಟಲು ನೋವಿಗೆ ಹೆದರಿ ಅವಳು ಆಡಿದ ಒಂದು ಮಾತು ಈ ಊರಿನ ರಾಗಿ ಡ್ರಮ್ಮಿನ ತಳದಲ್ಲಿ ನಲವತ್ತು ದಿನ ಕೂತಿತ್ತು. ಬೇರೆ ಊರುಗಳಲ್ಲಿ ಇನ್ನೆಷ್ಟು ಡ್ರಮ್ಮುಗಳೋ, ಏನೇನು ಒಳಗಿವೆಯೋ! ಆ ಯೋಚನೆಯನ್ನು ಅವಳು ಅಲ್ಲಿಗೇ ಬಿಟ್ಟಳು. ಒಂದು ದಿನಕ್ಕೆ ಒಂದು ಸಾಕು.

"ಅಯ್ಯೋ, ಇದು ಆ ಸರ್ವೆ ಅಲ್ಲ" ಅಂತ ಅವಳು ಮತ್ತೆ ಮೊದಲಿನಿಂದ ಹೇಳಿದಳು, ಯಜಮಾನಿ, ದುಭಾಷಿ, ಎಲ್ಲ. "ಇಲ್ಲಿ ಕಾಣಿಸ್ಕೊಂಡಿದ್ದು ಉಳಿಯುತ್ತೆ, ಕಾಣಿಸ್ಕೊಳ್ದೆ ಇದ್ದಿದ್ದು ಹೋಗುತ್ತೆ. ಯುಎಸ್‌ಬಿ ಸೌಂಡಿಗೆ ಬೇಕಾದ ಡ್ರೈವರ್ ಇಡೀ ನಾಲ್ಕು ತಾಲ್ಲೂಕಲ್ಲಿ ಇನ್ಯಾರೂ ಬಳಸಿಲ್ಲ. ಸೊನ್ನೆ. ನಾಳೆ ಅದನ್ನ ತೆಗೆದು ಹೊಸ ಕರ್ನಲ್ ಕಟ್ತಾರೆ. ಮುಂದಿನ ತಿಂಗಳು ಇಲ್ಲಿಗೆ ಬಂದು ಹಾಕಿದ್ಮೇಲೆ ನಿಮ್ಮ ಡಬ್ಬಿ ಎಷ್ಟು ಸಿಕ್ಕಿಸಿದ್ರೂ ಮಾತಾಡಲ್ಲ."

ಸಾಲು ಕರಗಿತ್ತು. ಕೊಂಡಮ್ಮ ಸ್ಟೂಲಿನಿಂದ ಎದ್ದು ಬಂದಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾ ಕೇಳಿಸಿಕೊಂಡಳು. ಅತ್ತಿದ್ದರೆ ರಾಧಾಮಣಿಗೆ ಸುಲಭವಾಗುತ್ತಿತ್ತು. ಅವಳು ಅಳಲಿಲ್ಲ.

"ಈ ನಲವತ್ತು ದಿನದಲ್ಲಿ ಎರಡು ಸಲ ನಮ್ಮ ಕ್ಯಾನು ಒಕ್ಕೂಟದ ಲಾರಿಯಿಂದ ವಾಪಸ್ ಬಂತು ಮೇಡಂ" ಅಂದಳು. "ಯಾರೋ ನೀರು ಸೇರಿಸಿ, ಅಂಕೀನೂ ಸುಳ್ಳು ಹೇಳಿದ್ದಾರೆ. ನಾನು ನಂಬಿ ಕೀ ಒತ್ತಿದ್ದೀನಿ. ಮೂರನೇ ಸಲ ಬಂದ್ರೆ ಟೆಸ್ಟರ್ ಬದಲಾಯಿಸಿ ಅಂತ ಕಾಗದ ಬಂದಿದೆ. ಡಬ್ಬಿ ಇದ್ರೆ ನಾನು ಮೋಸ ಹೋಗಲ್ಲ. ಸರ್ವೆ ಮುಗೀಲಿ, ಮತ್ತೆ ತರ್ತೀನಿ ಅಂತ ದಿನ ಎಣಿಸ್ತಿದ್ದೆ."

"ಹಾಗಾದ್ರೆ ಈಗ್ಲೇ ತನ್ನಿ" ಅಂತ ರಾಧಾಮಣಿ ಗಡಿಯಾರ ನೋಡಿದಳು. ಆರೂ ಐದು. "ಪ್ರೋಗ್ರಾಮ್ ಮತ್ತೆ ಹಾಕ್ತೀನಿ. ಒಂದು ಸಲ ಸಿಕ್ಕಿಸಿದ್ರೆ ಸಾಕು, ಒಂದು ಅಂತ ಬೀಳುತ್ತೆ. ಒಂದಿದ್ರೂ ತೆಗೆಯೋ ಹಾಗಿಲ್ಲ."

ಓಬಳಮ್ಮ ಆ ವಯಸ್ಸಿಗೆ ಓಡಿದ್ದನ್ನು ನೋಡಬೇಕಿತ್ತು. ತಂದ ಸ್ಪೀಕರಿನ ತೂತುಗಳಲ್ಲೆಲ್ಲ ರಾಗಿ ಸೇರಿತ್ತು. ಕೊಂಡಮ್ಮ ಅದನ್ನು ಇಸಿದುಕೊಂಡು, ಅಂಗೈಗೆ ತಟ್ಟಿ ತಟ್ಟಿ ಕಾಳು ಉದುರಿಸಿದಳು. ರಾಧಾಮಣಿ ಕೈಚಾಚಿದಾಗ ಮಾತ್ರ ಕೊಡಲಿಲ್ಲ.

"ಆ ಪಟ್ಟೀಲಿ ನಮ್ಮ ಡೈರಿ ಹೆಸ್ರು ಇರುತ್ತಾ?"

ಇರುತ್ತದೆ. ಹೆಸರಲ್ಲ, ನಂಬರು. ಎರಡೂ ಒಂದೇ.

"ಗೌರಿಬಿದನೂರ ಕಡೆ ಏನೋ ಆಯ್ತಂತಲ್ಲ" ಅಂದಳು ಕೊಂಡಮ್ಮ ಮೆಲ್ಲಗೆ.

ಆಗಿತ್ತು. ರಾಧಾಮಣಿಗೆ ಚೆನ್ನಾಗಿಯೇ ಗೊತ್ತಿತ್ತು, ಆ ಪಟ್ಟಿಯನ್ನು ತಂದವಳು ಅವಳೇ. ಅಲ್ಲಿನ ಒಂದು ಡೈರಿಯಲ್ಲಿ ಮಾತ್ರ ಕ್ಯಾಮೆರಾದ ಡ್ರೈವರ್ ಬಿದ್ದಿತ್ತು. ಒಂದೇ ಕಡೆ ಬಿದ್ದದ್ದಕ್ಕೆಲ್ಲ ಕಾರಣ ಕೇಳುವುದು ಮಧುಕುಮಾರನ ಪದ್ಧತಿ. ಕೇಳಿದಾಗ ಬಯಲಿಗೆ ಬಂದದ್ದೇನೆಂದರೆ, ಅಲ್ಲಿನ ಕಾರ್ಯದರ್ಶಿ ತಿಂಗಳುಗಟ್ಟಲೆ ಡೈರಿಗೇ ಬರದೆ, ದ್ರಾಕ್ಷಿ ತೋಟದಲ್ಲಿ ಕೂತು ಫೋನಿನಲ್ಲಿ ಕ್ಯಾಮೆರಾ ನೋಡುತ್ತಾ ಡೈರಿ ನಡೆಸುತ್ತಿದ್ದ. ವಾರದೊಳಗೆ ಒಕ್ಕೂಟದವರು ಅವನನ್ನು ಮನೆಗೆ ಕಳಿಸಿದ್ದರು. ಅವನಿಗೆ ಆಗಬೇಕಾದ್ದೇ ಆಯಿತು ಅನ್ನಿ. ಆದರೆ ಅವತ್ತಿನಿಂದ ನಾಲ್ಕು ತಾಲ್ಲೂಕಿನ ಡೈರಿಗಳಿಗೂ ಈ ಪಟ್ಟಿಗೆ ಕಣ್ಣಿದೆ ಅನ್ನುವುದು ತಿಳಿದುಹೋಗಿತ್ತು.

"ನಿಮ್ಮ ಒಬ್ರ ಡೈರೀಲೇ ಮಾತಾಡೋ ಡಬ್ಬಿ ಯಾಕೆ ಅಂತ ಕೇಳ್ತಾರೆ ತಾನೇ?" ಕೊಂಡಮ್ಮ ಸ್ಪೀಕರನ್ನು ಸೆರಗಿನಡಿ ಇಟ್ಟುಕೊಂಡಳು. "ರಾಮಾಂಜಿನಪ್ಪನೋರು ಏನಂತ ಹೇಳ್ತಾರೆ? ಟೆಸ್ಟರಿಗೆ ಕಣ್ಣಿಲ್ಲ ಅಂತಾನ? ಬೇಡ ಮೇಡಂ. ಡಬ್ಬಿ ಹೋದ್ರೆ ಮೂರನೇ ಕ್ಯಾನಿನವರೆಗಾದ್ರೂ ಇರ್ತೀನಿ. ಇದು ಬರೆದ್ರೆ ನಾಳೆಗೇ ಹೋಗ್ತೀನಿ."

ರಾಮಾಂಜಿನಪ್ಪ ಈ ಸಲ ಗೊತ್ತಿಲ್ಲ ಅನ್ನಲಿಲ್ಲ. ಕಂಪ್ಯೂಟರಿನ ಮೇಲಿನ ಹೂವನ್ನು ಸರಿಮಾಡುತ್ತಾ, "ಅವಳು ಹೇಳೋದು ನಿಜ. ಕೇಳಿದ್ರೆ ನಂಗೆ ಸುಳ್ಳು ಹೇಳೋಕೂ ಬರಲ್ಲ" ಅಂದರು.

ರಾಧಾಮಣಿ ಬೆಂಚಿನ ಮೇಲೆ ಕೂತಳು. ಎಷ್ಟು ದಣಿವಾಗಿತ್ತೆಂದರೆ ಸಿಟ್ಟು ಬರಲಿಕ್ಕೂ ತ್ರಾಣವಿರಲಿಲ್ಲ. ಸಿಟ್ಟು ಮಾಡಿಕೊಳ್ಳುವುದಾದರೂ ಯಾರ ಮೇಲೆ? ಬಚ್ಚಿಟ್ಟವರ ಮೇಲೆಯೇ? ಅವರು ಜೀವಮಾನವೆಲ್ಲ ಕಲಿತ ಪಾಠವನ್ನೇ ನಡೆಸಿದ್ದರು. ಸರ್ವೆ ಅಂದವಳು ಯಾರು? ಇವಳು. ದ್ರಾಕ್ಷಿ ತೋಟದವನ ಪಟ್ಟಿ ತಂದುಕೊಟ್ಟವಳು ಯಾರು? ಅವಳೂ ಇವಳೇ. ಊರೂರು ತಿರುಗಿ ಕಣ್ಣು ಹಾಕಿ ಬಂದವಳಿಗೆ ಕೊನೆಗೆ ಕಣ್ಣಿಲ್ಲದವಳೇ ಎದುರಾಗಬೇಕೇ!

ಮಧುವಿಗೆ ಫೋನು ಮಾಡಿ, ಒಂದು ಸಾಲು ಕೈಯಿಂದಲೇ ಸೇರಿಸಪ್ಪಾ ಅಂತ ಕೇಳಬಹುದಿತ್ತು. ಅವನ ಉತ್ತರ ಅವಳಿಗೆ ಬಾಯಿಪಾಠ. ಡೇಟಾ ಇಲ್ಲದೆ ಒಂದು ಸಾಲೂ ಇಲ್ಲ, ಇವತ್ತು ನಿಮಗೆ ಸೇರಿಸಿದರೆ ನಾಳೆ ಇನ್ನೊಬ್ಬರಿಗೆ ಸೇರಿಸಬೇಕು, ಆಮೇಲೆ ಯಜಮಾನಿ ಮತ್ತೆ ಮೊದಲಿನಷ್ಟೇ ದಪ್ಪ. ಹುಡುಗ ಕೆಟ್ಟವನಲ್ಲ, ಕರಾರುವಾಕ್ಕಿನವನು. ಕರಾರುವಾಕ್ಕಿನವರ ಜೊತೆ ಅಳುವುದು ಗೋಡೆಗೆ ಎಣ್ಣೆ ತಿಕ್ಕಿದ ಹಾಗೆ.

ಒಂದು ಕಡೆ, ಒಂದು ಸಲ. ಯಾವ ಮಷೀನಾದರೂ ಆದೀತು.

ಅವಳ ಕೈ ತಾನೇ ಬ್ಯಾಗಿನೊಳಗೆ ಹೋಯಿತು.

"ಕೊಂಡಮ್ಮಕ್ಕ, ಡಬ್ಬಿ ಇಲ್ಲಿ ಕೊಡಿ."

"ಬೇಡ ಅಂದ್ನಲ್ಲ ಮೇಡಂ..."

"ನಿಮ್ಮ ಕಂಪ್ಯೂಟರಿಗಲ್ಲ. ನಂದಕ್ಕೆ."

ಲ್ಯಾಪ್‌ಟಾಪು ಎಚ್ಚರವಾಗಲಿಕ್ಕೆ ತನ್ನದೇ ಸಮಯ ತೆಗೆದುಕೊಂಡಿತು. ಮೂವರೂ ಅದರ ಸುತ್ತ ಮಡಿಲಕ್ಕಿ ಶಾಸ್ತ್ರಕ್ಕೆ ನಿಂತವರ ಹಾಗೆ ನಿಂತರು. ರಾಧಾಮಣಿ ಸ್ಪೀಕರನ್ನು ಸಿಕ್ಕಿಸಿದಳು. ಒಂದು ಹಸಿರು ದೀಪ ಹತ್ತಿತು, ತೂತಿನಿಂದ ಇನ್ನೊಂದು ರಾಗಿ ಕಾಳು ಉದುರಿತು. ಪಟ್ಟಿಯಲ್ಲಿ ಹೊಸದೊಂದು ಸಾಲು ಬಂದು ಕೂತಿತು, ಅದರ ಮುಂದೆ ಒಂದು ಅಂತ. ಅಷ್ಟೇ. ನಾಲ್ಕು ತಾಲ್ಲೂಕಿನ ಸೊನ್ನೆ ಅಳಿದದ್ದು ಅಷ್ಟು ಸದ್ದಿಲ್ಲದೆ. ಅವಳು ನೂರಹದಿಮೂರನೇ ಮಷೀನಿನ ಪಟ್ಟಿಯನ್ನು ಆಫೀಸಿಗೆ ಕಳಿಸಿ ಮುಚ್ಚಳ ಮುಚ್ಚಿದಳು.

"ಈಗ?" ಅಂದಳು ಕೊಂಡಮ್ಮ.

"ಈಗ ನಾಳೆ ಬೆಳಿಗ್ಗೆಯಿಂದ ಡಬ್ಬಿ ಹಾಕ್ಕೊಳಿ. ಹೊಸದು ಬಂದ ಮೇಲೂ ಮಾತಾಡುತ್ತೆ."

"ನಿಮ್ಮನ್ನ ಕೇಳಿದ್ರೆ?"

"ಏನೋ ಹೇಳ್ತೀನಿ ಬಿಡಿ. ಹದಿನಾರು ವರ್ಷದಿಂದ ಹೇಳ್ಕೊಂಡೇ ಬಂದಿದ್ದೀನಿ."

ಕೊಂಡಮ್ಮ ರಾಧಾಮಣಿಯ ಕೈಯನ್ನು ಹಿಡಿದು, ಅಂಗೈಗೆ ತನ್ನ ಹಣೆ ಒತ್ತಿದಳು. ಹಾಲಿನ ವಾಸನೆಯ ತಣ್ಣನೆಯ ಕೈಗಳು. ರಾಧಾಮಣಿಗೆ ಅದು ಹಿಂಸೆಯಾಯಿತು. "ಅಯ್ಯೋ, ನೀವು ನನಗಿಂತ ದೊಡ್ಡೋರು" ಅಂತ ಕೈ ಬಿಡಿಸಿಕೊಂಡು, ಟಿವಿಎಸ್ಸಿನವನನ್ನು ಹುಡುಕಲು ಹೊರಟಳು.

ಪೆರೇಸಂದ್ರದ ಹೆದ್ದಾರಿಗೆ ಬಂದು ನಿಂತಾಗ ಏಳಕ್ಕೆ ಹತ್ತು ನಿಮಿಷವಿತ್ತು. ಟೀ ಅಂಗಡಿಯ ಬೆಂಚಿನ ಮೇಲೆ ಯಾರೋ ಟೊಮೇಟೊ ಕ್ರೇಟು ಇಟ್ಟಿದ್ದರು. ಫೋನು ಬಂತು.

"ಅಕ್ಕ, ಲಿಸ್ಟ್ ಎಲ್ಲ ಬಂತು. ಒಂದು ಡೌಟು. ನೂರಹದಿಮೂರು ನಿಮ್ಮದೇ ಅಲ್ವಾ? ಅದ್ರಲ್ಲಿ ಯುಎಸ್‌ಬಿ ಸೌಂಡ್ ಅಂತ ಒಂದು ಬಂದಿದೆ. ಬೇರೆಲ್ಲೂ ಇಲ್ಲ. ಕೈತಪ್ಪಿ ಏನೋ ಸಿಕ್ಕಿಸಿದ್ರೇನೋ, ತೆಗೆದುಬಿಡ್ಲಾ?"

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು.

"ತೆಗೀಬೇಡ ಕಣಪ್ಪ. ಬೇಕು ಅದು."

"ಯಾಕಕ್ಕ? ಕಾರಣ ಬರೀಬೇಕಲ್ಲ ನಾನು."

ಲಾರಿಯೊಂದು ಭರ್ರನೆ ಹಾದುಹೋಯಿತು. ಅದು ಹೋಗುವವರೆಗೆ ಅವಳು ಕಾದಳು. ಹದಿನಾರು ವರ್ಷದಲ್ಲಿ ಬಸ್ಸು ತಪ್ಪಿತು, ಮಳೆ ಬಂತು, ಕರೆಂಟಿರಲಿಲ್ಲ ಅಂತ ಎಷ್ಟೋ ಸುಳ್ಳು ಹೇಳಿದ್ದಳು. ಅವೆಲ್ಲ ತನ್ನನ್ನು ಉಳಿಸಿಕೊಳ್ಳುವ ಸುಳ್ಳುಗಳು. ಇದಕ್ಕೆ ಬಾಯಿ ಪಳಗಿರಲಿಲ್ಲ.

"ನನಗೆ ಕಣ್ಣು ಸರಿಯಾಗಿ ಕಾಣಲ್ಲ ಮಧು. ಸ್ಕ್ರೀನ್ ಮೇಲಿರೋದನ್ನ ಓದಿಸ್ಕೊಂಡು ಕೇಳ್ತೀನಿ. ಲ್ಯಾಪ್‌ಟಾಪಿನ ಸ್ಪೀಕರ್ ಕೆಟ್ಟಿದೆ, ಅದಕ್ಕೆ ಹೊರಗಿಂದು."

ಆ ಕಡೆ ಅವನ ಕೀಬೋರ್ಡಿನ ಟಕಟಕ ನಿಂತಿತು.

"ಯಾವಾಗಿನಿಂದ ಅಕ್ಕ?"

"ಆಯ್ತು ಮೂರು ವರ್ಷ."

"ಅಯ್ಯೋ... ಹೇಳೋದಲ್ವಾ ನೀವು." ಅವನ ದನಿ ನಿಜವಾಗಿಯೂ ನೊಂದಿತ್ತು, ಅದು ಅವಳಿಗೆ ಇನ್ನೂ ಕಷ್ಟವಾಯಿತು. "ಸರಿ, ಲೈನ್ ಇರ್ಲಿ. ಕಾರಣ ಬರೀತೀನಿ, ಫೀಲ್ಡ್ ಸ್ಟಾಫಿಗೆ ಬೇಕು ಅಂತ. ಆದ್ರೆ ಅಕ್ಕ..."

"ಹೇಳು."

"ಆ ಆಫೀಸ್ ಕೆಲಸ. ಅದು ದಿನಾ ಎಂಟು ಗಂಟೆ ಸ್ಕ್ರೀನೇ ನೋಡೋದು. ಸಣ್ಣ ಅಕ್ಷರ. ನಾನು ಹೇಗೆ..."

"ಗೊತ್ತು ಕಣಪ್ಪ."

"ಬಸ್ಸಲ್ಲಿ ಓಡಾಡೋಕೆ ಪರವಾಗಿಲ್ವಾ? ಕಾಣುತ್ತಾ?"

"ಬಸ್ಸು ದೊಡ್ಡದಲ್ವಾ, ಕಾಣುತ್ತೆ. ಫೀಲ್ಡೇ ಬರ್ಕೋ."

ಫೋನಿಟ್ಟಳು. ಗಡಿಯಾರದಲ್ಲಿ ಏಳಾಗಿತ್ತು, ಪಟ್ಟಿ ಮುಚ್ಚಿತ್ತು. ಅಷ್ಟು ದೂರದಲ್ಲಿ ಬಾಗೇಪಲ್ಲಿ ಕಡೆಯಿಂದ ಬಸ್ಸೊಂದು ಬರುತ್ತಿತ್ತು. ಅದರ ಹಣೆಯ ಮೇಲಿನ ಬೋರ್ಡು, ಚಿಕ್ಕಬಳ್ಳಾಪುರ ಅನ್ನುವ ಒಂದೊಂದು ಅಕ್ಷರವೂ, ಅವಳಿಗೆ ಅಷ್ಟು ದೂರದಿಂದಲೇ ಸ್ಪಷ್ಟವಾಗಿ ಕಂಡಿತು. ಕೈ ಅಡ್ಡ ಹಿಡಿದಳು. ಬಸ್ಸು ನಿಂತಿತು. ಒಳಗೆ ಸೀಟಿರಲಿಲ್ಲ. ಕಂಬಿ ಹಿಡಿದುಕೊಂಡು, ಒಂದು ಮಂಡಿಯ ಭಾರವನ್ನು ಇನ್ನೊಂದಕ್ಕೆ ಬದಲಾಯಿಸುತ್ತಾ ನಿಂತಳು.